ಮಹಾಧರ್ಮಾಧ್ಯಕ್ಷ ಓಸ್ಕರ್ ರೊಮೆರೋ: ಕೊನೆಯ ಮೂರು ವರ್ಷಗಳ ಧೈರ್ಯ ಎಲ್ಲಿಂದ ಬಂತು?

ಹಳೆಯ ಓದುಗ:

ಎಲ್ ಸಾಲ್ವಡಾರ್‌ನ ಮಹಾಧರ್ಮಾಧ್ಯಕ್ಷ (ಆರ್ಚ್‌ಬಿಷಪ್) ಓಸ್ಕರ್ ರೊಮೆರೋ ಅವರ ಬಗ್ಗೆ ಸಾಮಾನ್ಯವಾಗಿ ಹೇಳುವ ಕಥೆ ಹೀಗಿದೆ: ಅವರು ಅಧಿಕಾರಸ್ಥರಿಗೆ ಹತ್ತಿರವಿದ್ದ, ಗಲಾಟೆಗೆ ಅಂಜುವ, ಪುಸ್ತಕದೊಳಗೆ ಮುಳುಗಿದ್ದ ಗುರುಗಳು, 1977ರ ಮಾರ್ಚ್ 12ರಂದು ಆಪ್ತ ಗೆಳೆಯ, ಗುರು ರುತಿಲಿಯೋ ಗ್ರಾಂದೆ ಅವರ ಕೊಲೆಯಾದಾಗ ಒಂದೇ ರಾತ್ರಿಯಲ್ಲಿ ಬೇರೆಯೇ ಮನುಷ್ಯರಾದರು, ಮೂರು ವರ್ಷ ಬಡವರ ಪರವಾಗಿ ಮಾತನಾಡಿದರು, 1980ರ ಮಾರ್ಚ್ 24ರ ಸಂಜೆ ಬಲಿಪೀಠದ ಬಳಿಯೇ ಗುಂಡಿಗೆ ಬಲಿಯಾದರು. ಇದರಲ್ಲಿನ ಘಟನೆಗಳು ಸುಳ್ಳಲ್ಲ. ಆದರೆ ಹೀಗೆ ಹೇಳಿದಾಗ ಅವರ ಬದುಕಿನ ಮೊದಲ ಐವತ್ತೊಂಬತ್ತು ವರ್ಷಗಳು ಬರೀ ಪೀಠಿಕೆಯಾಗಿ ಉಳಿದುಬಿಡುತ್ತವೆ. ಆ ಕೊನೆಯ ಮೂರು ವರ್ಷಗಳಲ್ಲಿ ಅವರು ಬಳಸಿದ ಪ್ರತಿಯೊಂದು ಸಾಧನವೂ ಆ ಐವತ್ತೊಂಬತ್ತು ವರ್ಷಗಳಲ್ಲಿ ಕೈಗೆ ರೂಢಿಯಾಗಿದ್ದದ್ದು ಎಂಬುದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಅವರು ಹುಟ್ಟಿದ್ದು 1917ರ ಆಗಸ್ಟ್ 15ರಂದು, ಸಾನ್ ಮಿಗೆಲ್ ಪ್ರಾಂತ್ಯದ ಬೆಟ್ಟಗಳ ನಡುವಿನ ಸಿಯುದಾದ್ ಬಾರಿಯೋಸ್ ಎಂಬ ಸಣ್ಣ ಊರಿನಲ್ಲಿ. ತಂದೆ ತಂತಿ ಕಚೇರಿಯ ನೌಕರರು. ಹುಡುಗನಿಗೆ ಬಡಗಿ ಕೆಲಸ ಕಲಿಸಲು ಹಚ್ಚಿದ್ದರು, ಆದರೆ ಹದಿಮೂರರ ವಯಸ್ಸಿಗೆ ಅವನು ಕಿರಿಯ ಗುರುಮಠ ಸೇರಿದ. ಮುಂದೆ ರೋಮಿನಲ್ಲಿ ಗ್ರೆಗೋರಿಯನ್ ವಿಶ್ವವಿದ್ಯಾಲಯದ ವ್ಯಾಸಂಗ, ಎರಡನೇ ಮಹಾಯುದ್ಧದ ನಡುವೆಯೇ 1942ರ ಏಪ್ರಿಲ್ 4ರಂದು ಗುರುದೀಕ್ಷೆ, ಮರುವರ್ಷ ತಾಯ್ನಾಡಿನ ಕರೆ. ಮುಸೊಲಿನಿಯ ಇಟಲಿಯಿಂದ ಬರುತ್ತಿದ್ದ ಕಾರಣಕ್ಕೆ ದಾರಿಯಲ್ಲಿ ಕ್ಯೂಬಾದ ಅಧಿಕಾರಿಗಳು ಅವರನ್ನೂ ಜೊತೆಗಾರನನ್ನೂ ಹಿಡಿದಿಟ್ಟಿದ್ದರು. ಆ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಸಾನ್ ಮಿಗೆಲ್ ಧರ್ಮಪ್ರಾಂತ್ಯದಲ್ಲೇ (ಒಬ್ಬ ಬಿಷಪ್ಪರ ಆಡಳಿತ ಪ್ರದೇಶ) ಸೇವೆ. ಅಲ್ಲಿ ಅವರು ಧರ್ಮಾಧ್ಯಕ್ಷರ ಕಾರ್ಯದರ್ಶಿ, ಧರ್ಮಪ್ರಾಂತ್ಯದ ಪತ್ರಿಕೆಯ ಸಂಪಾದಕ, ರೇಡಿಯೋದಲ್ಲಿ ಪ್ರಬೋಧನೆ ನೀಡುವವರು, ಕೈದಿಗಳನ್ನೂ ಕುಡುಕರನ್ನೂ ಹುಡುಕಿಕೊಂಡು ಹೋಗುವವರು. 1967ರಲ್ಲಿ ರಾಷ್ಟ್ರೀಯ ಧರ್ಮಾಧ್ಯಕ್ಷರ ಮಂಡಳಿಯ ಕಾರ್ಯದರ್ಶಿಯಾಗಿ ರಾಜಧಾನಿಗೆ ಬಂದರು. 1970ರಲ್ಲಿ ಸಾನ್ ಸಾಲ್ವಡಾರ್‌ನ ಸಹಾಯಕ ಧರ್ಮಾಧ್ಯಕ್ಷರಾದರು, 1974ರಲ್ಲಿ ಸಾಂತಿಯಾಗೋ ದೆ ಮರಿಯಾದ ಧರ್ಮಾಧ್ಯಕ್ಷರು, 1977ರ ಫೆಬ್ರವರಿಯಲ್ಲಿ ಮಹಾಧರ್ಮಾಧ್ಯಕ್ಷರು.

ಪತ್ರಿಕೆ, ಬಾನುಲಿ, ಕಡತ, ಪತ್ರವ್ಯವಹಾರ, ಸಭೆಯ ನಡಾವಳಿ. ಈ ಪಟ್ಟಿಯಲ್ಲಿ ವೀರಗಾಥೆಗೆ ಬೇಕಾದದ್ದು ಏನೂ ಇಲ್ಲ. ಆದರೆ ಸೈನಿಕ ಆಡಳಿತಕ್ಕೆ ಮುಂದೆ ತಲೆನೋವಾದದ್ದು ಇವೇ. ಅವರು ಭಾವಾವೇಶದ ಭಾಷಣಕಾರರಾಗಿದ್ದರೆ ಅವರನ್ನು ತಳ್ಳಿಹಾಕುವುದು ಸುಲಭವಿತ್ತು. ಸತ್ತವರ ಹೆಸರು, ಊರು, ದಿನಾಂಕ, ಎತ್ತಿಕೊಂಡು ಹೋದ ವಾಹನ ಇವನ್ನೆಲ್ಲ ಪರಿಶೀಲಿಸಿ ಬರೆದುಕೊಂಡು ಭಾನುವಾರ ಪ್ರಧಾನಾಲಯದಲ್ಲಿ (ಕ್ಯಾಥೆಡ್ರಲ್) ಓದುವ ಮನುಷ್ಯನನ್ನು ತಳ್ಳಿಹಾಕುವುದು ಕಷ್ಟ.

ದಾರಿಹೋಕ:

ಮಾನ್ಯರೇ, ನಿಮ್ಮ ವಾದ ಆಕರ್ಷಕವಾಗಿದೆ, ಆದರೆ ಅಗತ್ಯಕ್ಕಿಂತ ಹೆಚ್ಚು ನುಣುಪಾಗಿದೆ. ಪತ್ರಿಕೆ ನಡೆಸಿದ ಅನುಭವ ಇದ್ದರೆ ಸಾಲದು, ಆ ಪತ್ರಿಕೆಯಲ್ಲಿ ಏನು ಬರೆದರು ಎಂಬುದೂ ಮುಖ್ಯ. 1973ರಲ್ಲಿ, ಮಹಾಧರ್ಮಪ್ರಾಂತ್ಯದ ‘ಓರಿಯೆಂತಾಸಿಯೋನ್’ ಪತ್ರಿಕೆಯ ಸಂಪಾದಕರಾಗಿದ್ದಾಗ, ಯೇಸುಸಭೆಯವರು (ಜೆಸುಯಿಟ್ ಗುರುಗಳು) ನಡೆಸುತ್ತಿದ್ದ ಒಂದು ಶಾಲೆಯಲ್ಲಿ ಮಾರ್ಕ್ಸ್‌ವಾದ ಬೋಧಿಸುತ್ತಾರೆಂದು ಅವರು ಟೀಕಿಸಿದ್ದರು. 1976ರ ಆಗಸ್ಟ್ 6ರ ರೂಪಾಂತರ ಹಬ್ಬದ ಪ್ರಬೋಧನೆಯಲ್ಲಿ ದೇವಶಾಸ್ತ್ರಜ್ಞ ಹೋನ್ ಸೊಬ್ರಿನೋ ಅವರಂಥವರ ಹೊಸ ಕ್ರಿಸ್ತಚಿಂತನೆಯ ಮೇಲೆ ಹರಿಹಾಯ್ದಿದ್ದರು. ಗುರುಗಳು ರಾಜಕೀಯಕ್ಕೆ ಇಳಿಯುತ್ತಿದ್ದಾರೆಂದು 1975ರಲ್ಲಿ ರೋಮಿಗೆ ಟಿಪ್ಪಣಿ ಬರೆದವರೂ ಅವರೇ. ಅವರು ಮಹಾಧರ್ಮಾಧ್ಯಕ್ಷರಾದ ಸುದ್ದಿ ಕೇಳಿ ಸಂತೋಷಪಟ್ಟವರು ಕಾಫಿ ತೋಟಗಳ ಒಡೆಯರು. ತಲೆಯ ಮೇಲೆ ಕೈಹೊತ್ತು ಕುಳಿತವರು ಹಳ್ಳಿಗಳಲ್ಲಿ ದುಡಿಯುತ್ತಿದ್ದ ಗುರುಗಳು. ನಿಕಟವಾಗಿ ಬಲ್ಲ ಈ ಎರಡೂ ಪಕ್ಷದವರು ಅವರನ್ನು ಒಂದೇ ರೀತಿ ಅಂದಾಜಿಸಿದ್ದರು ಎಂದಾದರೆ, ಆಮೇಲೆ ನಡೆದದ್ದನ್ನು ಪರಿವರ್ತನೆ ಎನ್ನದೆ ಇನ್ನೇನೆಂದು ಕರೆಯುವುದು?

ಸಾಧನಗಳು ಹಳೆಯವು ಎಂಬುದನ್ನು ಒಪ್ಪುತ್ತೇನೆ. ಅವನ್ನು ಯಾರ ಕಡೆಗೆ ತಿರುಗಿಸಿದರು ಎಂಬುದು ಹೊಸದು.

ಸಂಜೆಮಲ್ಲಿಗೆ:

ನಾನು ಕಥೋಲಿಕ ಕುಟುಂಬದವಳು, ಹಾಗಾಗಿ ರೊಮೆರೋ ಅವರ ಹೆಸರು ಚಿಕ್ಕಂದಿನಿಂದ ಕೇಳಿದ್ದು. ಇಬ್ಬರೂ ಬಿಟ್ಟಿರುವ ಎರಡು ವರ್ಷಗಳನ್ನು ಸೇರಿಸಲು ಬಯಸುತ್ತೇನೆ: 1974ರ ಕೊನೆಯಿಂದ 1977ರ ಆರಂಭದವರೆಗಿನ ಸಾಂತಿಯಾಗೋ ದೆ ಮರಿಯಾದ ಅವಧಿ.

ಅದು ಕಾಫಿಯ ಸೀಮೆ. ಕೊಯ್ಲಿನ ಕಾಲದಲ್ಲಿ ದೂರದಿಂದ ಬಂದ ಕೂಲಿಗಳು ರಾತ್ರಿಯ ಚಳಿಯಲ್ಲಿ ಬಯಲಲ್ಲೇ ಮಲಗುತ್ತಿದ್ದರು. ಅವರಿಗೆ ಮಲಗಲು ಧರ್ಮಪ್ರಾಂತ್ಯದ ಕಟ್ಟಡಗಳ ಬಾಗಿಲು ತೆರೆಸಿದವರು ರೊಮೆರೋ. ತೋಟದ ಮಾಲೀಕರು ಕಾನೂನು ಗೊತ್ತುಮಾಡಿದ ಕೂಲಿಯನ್ನೂ ಕೊಡುತ್ತಿಲ್ಲ ಎಂಬ ಸಂಗತಿ ಅವರ ಗಮನಕ್ಕೆ ಬಂದದ್ದು ಇಲ್ಲಿ. 1975ರ ಜೂನ್ 21ರಂದು ತ್ರೆಸ್ ಕಾಯೆಸ್ ಎಂಬ ಹಳ್ಳಿಯಲ್ಲಿ ರಾಷ್ಟ್ರೀಯ ಗಾರ್ಡ್ ಪಡೆ ರೈತರನ್ನು ಕೊಂದಿತು. ರೊಮೆರೋ ಹಳ್ಳಿಗೆ ಹೋದರು, ಮನೆಯವರನ್ನು ಸಂತೈಸಿದರು, ಆದರೆ ಬಹಿರಂಗವಾಗಿ ಪ್ರತಿಭಟಿಸಲಿಲ್ಲ; ಅಧ್ಯಕ್ಷ ಮೊಲಿನಾ ಅವರಿಗೆ ಖಾಸಗಿ ಪತ್ರ ಬರೆದು ಸುಮ್ಮನಾದರು. ಅವರ ಕೈಕೆಳಗಿನ ಗುರುಗಳಿಗೆ ಇದು ಬೇಸರ ತಂದಿತು.

ಇದೇ ನನಗೆ ಮುಖ್ಯವಾಗಿ ಕಾಣುವುದು. 1975ರಲ್ಲೂ 1977ರಲ್ಲೂ ಅವರು ಕಂಡ ಸಂಕಟ ಒಂದೇ. ನಡುವೆ ಬದಲಾದದ್ದು, ಸರಕಾರದ ಮೇಲೆ ಅವರಿಗಿದ್ದ ನಂಬಿಕೆ. ಅಧ್ಯಕ್ಷರಿಗೆ ವಿಷಯ ತಿಳಿಸಿದರೆ ನ್ಯಾಯ ಸಿಗುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ್ದವರು, ಗ್ರಾಂದೆ ಅವರ ಕೊಲೆಯ ನಂತರ ಅದೇ ಅಧ್ಯಕ್ಷರು ತನಿಖೆಯ ಮಾತು ಕೊಟ್ಟು ತಪ್ಪಿದಾಗ ಆ ನಂಬಿಕೆಯನ್ನು ಬಿಟ್ಟರು. ಹೃದಯ ಮೊದಲೇ ಬಡವರ ಕಡೆಗಿತ್ತು ಎಂದು ನಾನು ಭಾವಿಸುತ್ತೇನೆ.

ಹಳೆಯ ಓದುಗ:

ಸಂಜೆಮಲ್ಲಿಗೆಯವರೇ, ಧನ್ಯವಾದಗಳು, ನಾನು ಒಂದು ಸಾಲಿನಲ್ಲಿ ದಾಟಿಸಿದ್ದ ಅವಧಿಯನ್ನು ನೀವು ಸರಿಯಾಗಿ ಹಿಡಿದಿರಿ. ದಾರಿಹೋಕರೇ, ಪರಿವರ್ತನೆ ನಡೆಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಏನನ್ನು ಮಾಡಿತು ಎಂಬುದು ನನ್ನ ಕುತೂಹಲ. ಗ್ರಾಂದೆ ಕೊಲೆಯ ನಂತರದ ಎಂಟು ದಿನಗಳನ್ನು ತುಸು ವಿವರವಾಗಿ ನೋಡೋಣ.

ಹಿನ್ನೆಲೆ ಹೀಗಿತ್ತು. ಫೆಬ್ರವರಿ 20ರ ಅಧ್ಯಕ್ಷೀಯ ಚುನಾವಣೆಯಲ್ಲಿ ದೊಡ್ಡ ಪ್ರಮಾಣದ ಅಕ್ರಮ ನಡೆದು ಜನರಲ್ ಕಾರ್ಲೋಸ್ ಉಂಬೆರ್ತೋ ರೊಮೆರೋ ವಿಜಯಿಯೆಂದು ಘೋಷಿತರಾಗಿದ್ದರು (ಹೆಸರು ಒಂದೇ, ನೆಂಟಸ್ತಿಕೆಯಿಲ್ಲ). 22ರಂದು ಓಸ್ಕರ್ ರೊಮೆರೋ ಅಧಿಕಾರ ಸ್ವೀಕರಿಸಿದರು. 28ರಂದು ರಾಜಧಾನಿಯ ಲಿಬೆರ್ತಾದ್ ಚೌಕದಲ್ಲಿ ಸೇರಿದ್ದ ಪ್ರತಿಭಟನಕಾರರ ಮೇಲೆ ಪಡೆಗಳು ಗುಂಡು ಹಾರಿಸಿದವು. ಮಾರ್ಚ್ 12ರ ಸಂಜೆ ಅಗಿಲಾರೆಸ್‌ನಿಂದ ಎಲ್ ಪೈಸ್ನಾಲ್‌ಗೆ ಬಲಿಪೂಜೆ (ಕಥೋಲಿಕರ ಮಾಸ್ ಆರಾಧನೆ) ಅರ್ಪಿಸಲು ಹೊರಟಿದ್ದ ಗ್ರಾಂದೆ, ಅವರ ಜೊತೆಗಿದ್ದ ಎಪ್ಪತ್ತು ದಾಟಿದ ಮನುವೆಲ್ ಸೊಲೋರ್ಸಾನೋ, ಹದಿಹರೆಯದ ನೆಲ್ಸನ್ ಲೇಮುಸ್ ಮೂವರೂ ಗುಂಡಿಗೆ ಬಲಿಯಾದರು. ಗ್ರಾಂದೆ ಬರೀ ಪರಿಚಯದ ಗುರುವಲ್ಲ. 1970ರಲ್ಲಿ ರೊಮೆರೋ ಅವರ ಧರ್ಮಾಧ್ಯಕ್ಷ ದೀಕ್ಷೆಯ ವಿಧಿಯನ್ನು ನಿರ್ವಹಿಸಿಕೊಟ್ಟ ಗೆಳೆಯ. ಆ ರಾತ್ರಿಯೇ ರೊಮೆರೋ ಅಲ್ಲಿಗೆ ಹೋಗಿ ಮೂರು ಶವಗಳ ಮುಂದೆ ಬಲಿಪೂಜೆ ಅರ್ಪಿಸಿದರು.

ಆಮೇಲೆ ಅವರು ಮಾಡಿದ್ದೇನು? ಗುರುಗಳ ಸಭೆ ಕರೆದರು. ಗಂಟೆಗಟ್ಟಲೆ ಎಲ್ಲರ ಮಾತು ಕೇಳಿದರು. ಕೊಲೆಯ ತನಿಖೆ ಮುಗಿಯುವವರೆಗೆ ಸರಕಾರದ ಯಾವ ಅಧಿಕೃತ ಸಮಾರಂಭಕ್ಕೂ ಮಹಾಧರ್ಮಾಧ್ಯಕ್ಷರು ಹಾಜರಾಗುವುದಿಲ್ಲ ಎಂಬ ನಿರ್ಧಾರ ಹೊರಬಿತ್ತು. ಮುಂದಿನ ಭಾನುವಾರ, ಅಂದರೆ ಮಾರ್ಚ್ 20ರಂದು, ಇಡೀ ಮಹಾಧರ್ಮಪ್ರಾಂತ್ಯದಲ್ಲಿ ಬೇರೆಲ್ಲೂ ಬಲಿಪೂಜೆ ಇಲ್ಲ, ಪ್ರಧಾನಾಲಯದ ಮುಂದೆ ಒಂದೇ ಬಲಿಪೂಜೆ ಎಂದೂ ತೀರ್ಮಾನವಾಯಿತು.

ಈ ಒಂದೇ ಬಲಿಪೂಜೆಯ ವಿಚಾರದಲ್ಲೇ ಅವರ ಸ್ವಭಾವ ಸ್ಪಷ್ಟವಾಗಿ ಕಾಣುವುದು. ಬಲಿಪೂಜೆಯಿಂದ ದೇವರಿಗೆ ಮಹಿಮೆ ಸಲ್ಲುವುದಾದರೆ ಹೆಚ್ಚು ಬಲಿಪೂಜೆಗಳಿಂದ ಹೆಚ್ಚು ಮಹಿಮೆಯಲ್ಲವೇ, ಅವನ್ನು ನಿಲ್ಲಿಸುವ ಹಕ್ಕು ತನಗಿದೆಯೇ ಎಂಬ ಶಂಕೆ ಅವರನ್ನು ಕಾಡಿತ್ತೆಂದು ಆ ಸಭೆಯಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. ಬದುಕಿರುವ ಮನುಷ್ಯನೇ ದೇವರ ಮಹಿಮೆ ಎಂಬ ಸಂತ ಇರೆನೇಯುಸರ ಮಾತನ್ನು ಯೇಸುಸಭೆಯ ಪ್ರಾಂತ್ಯಾಧಿಕಾರಿ ಅಲ್ಲಿ ಮುಂದಿಟ್ಟಾಗ ಅವರ ಮನಸ್ಸು ಹಗುರವಾಯಿತು. ಬೀದಿಯ ಹೋರಾಟಗಾರನಿಗೆ ಇಂಥ ಶಂಕೆ ಹುಟ್ಟುವುದೇ ಇಲ್ಲ. ಧರ್ಮಸಭೆಯ ನಿಯಮವನ್ನು ಉಸಿರಾಗಿ ಮಾಡಿಕೊಂಡವರಿಗೆ ಮಾತ್ರ ಹುಟ್ಟುತ್ತದೆ, ಮತ್ತು ಅಂಥವರು ಒಮ್ಮೆ ಆ ಶಂಕೆಯನ್ನು ಬಗೆಹರಿಸಿಕೊಂಡರೆ ಪೋಪರ ರಾಯಭಾರಿ ಎಮಾನುವೆಲೆ ಜೆರಾದಾ ಅವರೇ ಬೇಡವೆಂದರೂ ಹಿಂದೆ ಸರಿಯುವುದಿಲ್ಲ. ರಾಯಭಾರಿ ಬೇಡವೆಂದರು. ಬಲಿಪೂಜೆ ನಡೆಯಿತು. ಸುಮಾರು ಒಂದು ಲಕ್ಷ ಜನ ಸೇರಿದ್ದರೆಂಬ ಅಂದಾಜಿದೆ.

ಜುಲೈ 1ರಂದು ಜನರಲ್ ರೊಮೆರೋ ಅಧ್ಯಕ್ಷ ಪದವಿಯ ಪ್ರಮಾಣವಚನ ಸ್ವೀಕರಿಸಿದಾಗ ಮಹಾಧರ್ಮಾಧ್ಯಕ್ಷರು ಅಲ್ಲಿರಲಿಲ್ಲ. ಒಂದು ಸಮಾರಂಭಕ್ಕೆ ಹೋಗದಿರುವುದರಲ್ಲಿ ಏನು ದೊಡ್ಡದಿದೆ ಎಂದು ನಮಗೆ ಅನ್ನಿಸಬಹುದು. 1932ರಲ್ಲಿ ಜನರಲ್ ಮಾರ್ತಿನೇಸ್ ಸರಕಾರ ಹತ್ತು ಸಾವಿರಕ್ಕೂ ಹೆಚ್ಚು ರೈತರನ್ನು ಕೊಂದ ಮೇಲೆ ಸೇನಾಧಿಕಾರಿಗಳೇ ಆಳುತ್ತಾ ಬಂದಿದ್ದ ಆ ನಾಡಿನಲ್ಲಿ, ಹೊಸ ಅಧ್ಯಕ್ಷರ ಪಕ್ಕದಲ್ಲಿ ಮಹಾಧರ್ಮಾಧ್ಯಕ್ಷರು ನಿಲ್ಲುವ ಚಿತ್ರವೇ ಆಡಳಿತಕ್ಕೆ ಮಾನ್ಯತೆಯ ಮೊಹರಾಗಿತ್ತು. ರೊಮೆರೋ ಆ ಮೊಹರು ಹಾಕಲಿಲ್ಲ.

ಅಕ್ಷರಪ್ರಿಯ:

ಒಂದು ಸಂದೇಹ. ಇಷ್ಟೆಲ್ಲ ಧರ್ಮಸಭೆಯ ನಿಯಮದೊಳಗೇ ನಡೆಯಿತು ಎನ್ನುವುದಾದರೆ ಉಳಿದ ಧರ್ಮಾಧ್ಯಕ್ಷರು ಮತ್ತು ರೋಮ್ ಅವರ ಬೆನ್ನಿಗೆ ಏಕೆ ನಿಲ್ಲಲಿಲ್ಲ?

ನಿಧಾನಿ:

ನಿಲ್ಲಲಿಲ್ಲ ಎಂಬುದು ಬಹುಮಟ್ಟಿಗೆ ನಿಜ. ದೇಶದ ಧರ್ಮಾಧ್ಯಕ್ಷರಲ್ಲಿ ಅವರ ಜೊತೆ ದೃಢವಾಗಿ ಇದ್ದವರು ಅರ್ತುರೋ ರಿವೆರಾ ಇ ದಾಮಾಸ್ ಒಬ್ಬರೇ. ಅಪರಿಸಿಯೋ, ಬರ್ರೇರಾ, ರೆವೆಲೋ ಮತ್ತು ಸೈನ್ಯದ ಧಾರ್ಮಿಕ ಹೊಣೆ ಹೊತ್ತಿದ್ದ ಅಲ್ವಾರೇಸ್ ಈ ನಾಲ್ವರೂ ವಿರೋಧಿ ಪಾಳೆಯದಲ್ಲಿದ್ದರು. 1978ರ ಆಗಸ್ಟ್‌ನಲ್ಲಿ ರೊಮೆರೋ ಮತ್ತು ರಿವೆರಾ ಸೇರಿ ಜನಸಂಘಟನೆಗಳ ಕುರಿತು ಮೇಷಪಾಲನಾ ಪತ್ರ (ಧರ್ಮಾಧ್ಯಕ್ಷರು ವಿಶ್ವಾಸಿಗಳಿಗೆ ಬರೆಯುವ ಬಹಿರಂಗ ಪತ್ರ) ಹೊರಡಿಸಿ ಸಂಘಟಿತರಾಗುವ ಹಕ್ಕು ರೈತರಿಗಿದೆ ಎಂದು ಬರೆದರೆ, ಉಳಿದ ನಾಲ್ವರು ಅದಕ್ಕೆ ತದ್ವಿರುದ್ಧವಾಗಿ ರೈತ ಸಂಘಟನೆಗಳನ್ನು ಖಂಡಿಸುವ ಹೇಳಿಕೆ ಕೊಟ್ಟರು. ಒಂದೇ ಸಣ್ಣ ದೇಶದ ಧರ್ಮಾಧ್ಯಕ್ಷರು ಒಂದೇ ವಿಷಯದ ಮೇಲೆ ಹೀಗೆ ಎರಡು ದನಿಯಲ್ಲಿ ಮಾತನಾಡಿದರೆ ಅಧಿಕಾರದಲ್ಲಿರುವವರು ತಮಗೆ ಬೇಕಾದ ದನಿಯನ್ನು ಆರಿಸಿಕೊಳ್ಳುತ್ತಾರೆ, ಮತ್ತು ಹಾಗೆಯೇ ಆಯಿತು.

ರೋಮಿನ ವಿಷಯ ಇನ್ನಷ್ಟು ಜಟಿಲ. 1978ರ ಜೂನ್‌ನಲ್ಲಿ ಆರನೇ ಪೌಲರನ್ನು ಕಂಡು ರೊಮೆರೋ ಧೈರ್ಯ ಪಡೆದು ಮರಳಿದರು. ಆ ವರ್ಷದ ಕೊನೆಯಲ್ಲಿ ವ್ಯಾಟಿಕನ್ ಕಳುಹಿಸಿದ ಅರ್ಜೆಂಟೀನಾದ ಧರ್ಮಾಧ್ಯಕ್ಷ ಅಂತೋನಿಯೋ ಕ್ವಾರ್ರಾಸಿನೋ ಪರಿಶೀಲನೆ ಮುಗಿಸಿ, ಪದವಿಯಲ್ಲಿ ರೊಮೆರೋ ಅವರನ್ನೇ ಉಳಿಸಿ ಆಡಳಿತದ ಅಧಿಕಾರವನ್ನು ಬೇರೊಬ್ಬ ಆಡಳಿತಾಧಿಕಾರಿಗೆ ಒಪ್ಪಿಸಬೇಕೆಂದು ಸಲಹೆ ಕೊಟ್ಟರು. ಅದು ಜಾರಿಯಾಗಲಿಲ್ಲ. 1979ರ ಮೇ ತಿಂಗಳಲ್ಲಿ ಎರಡನೇ ಜಾನ್ ಪೌಲರನ್ನು ಭೇಟಿಯಾಗಲು ಹೋದಾಗ ರೊಮೆರೋ ಕೊಲೆಗಳ ದಾಖಲೆಗಳನ್ನೂ ಚಿತ್ರಗಳನ್ನೂ ಒಯ್ದಿದ್ದರು. ಕಮ್ಯುನಿಸ್ಟ್ ಪೋಲೆಂಡಿನಿಂದ ಬಂದ ಪೋಪರು ಎಚ್ಚರಿಕೆಯಿಂದ ನಡೆದುಕೊಳ್ಳಲು, ಇತರ ಧರ್ಮಾಧ್ಯಕ್ಷರೊಡನೆ ಐಕ್ಯ ಕಾಪಾಡಲು ಹೇಳಿದರು. ರೊಮೆರೋ ನೊಂದುಕೊಂಡರು. 1980ರ ಆರಂಭದ ಭೇಟಿ ಹೆಚ್ಚು ಆತ್ಮೀಯವಾಗಿತ್ತು. ಈ ಭೇಟಿಗಳ ವಿವರ ನಮಗೆ ಸಿಗುವುದು ಅವರದೇ ದಿನಚರಿಯಿಂದ. 1978ರ ಮಾರ್ಚ್ ಕೊನೆಯಿಂದ ಸಾಯುವ ಕೆಲವೇ ದಿನ ಮೊದಲಿನವರೆಗೆ ಪ್ರತಿದಿನದ ಕೆಲಸವನ್ನು ಅವರು ಟೇಪ್ ರೆಕಾರ್ಡರಿನಲ್ಲಿ ಹೇಳಿ ಇಟ್ಟಿದ್ದರು. ಇದೂ ಕಚೇರಿಯ ಮನುಷ್ಯನ ಅಭ್ಯಾಸವೇ. ಈ ಮಟ್ಟಿಗೆ ಹಳೆಯ ಓದುಗರ ವಾದಕ್ಕೆ ನನ್ನ ಸಹಮತವಿದೆ.

ಧರ್ಮಾಧ್ಯಕ್ಷರಾದಾಗ ಅವರು ಆರಿಸಿಕೊಂಡ ಧ್ಯೇಯವಾಕ್ಯ ಧರ್ಮಸಭೆಯೊಡನೆ ಒಂದೇ ಮನಸ್ಸಿನಿಂದ ಇರುವುದು ಎಂಬ ಅರ್ಥದ್ದು. ಅಂಥವರಿಗೆ ರೋಮಿನ ಅನುಮಾನ ಸೈನ್ಯದ ಬೆದರಿಕೆಗಿಂತ ಹೆಚ್ಚು ನೋವು ಕೊಟ್ಟಿರಬೇಕೆಂಬುದು ನನ್ನ ಊಹೆ.

ದಾರಿಹೋಕ:

ನನ್ನ ಮುಂದಿನ ಪ್ರಶ್ನೆ ತುಸು ಕಟುವಾಗಿರಬಹುದು, ಕ್ಷಮೆಯಿರಲಿ. ವಿರೋಧಿ ಧರ್ಮಾಧ್ಯಕ್ಷರನ್ನು ಸಿರಿವಂತರ ಬಾಲಬಡುಕರೆಂದು ಬದಿಗೆ ಸರಿಸುವುದು ನ್ಯಾಯವೇ? ಆ ಹೊತ್ತಿಗೆ ಎಡಪಂಥೀಯ ಗೆರಿಲ್ಲಾ ಗುಂಪುಗಳು ಅಪಹರಣ, ಕೊಲೆಗಳಲ್ಲಿ ತೊಡಗಿದ್ದವು. 1978ರ ನವೆಂಬರ್‌ನಲ್ಲಿ ಗುಂಡಿನ ಕಾಳಗದಲ್ಲಿ ಸತ್ತ ಗುರು ಎರ್ನೆಸ್ತೋ ಬರ್ರೇರಾ ತನ್ನ ಸದಸ್ಯನೆಂದು ಗೆರಿಲ್ಲಾ ಸಂಘಟನೆಯೇ ಹೇಳಿಕೊಂಡಿತ್ತು. ಆದರೂ ಆ ಗುರುವಿನ ಅಂತ್ಯಕ್ರಿಯೆಗೆ ರೊಮೆರೋ ಹೋದರು. ಒಂದು ಕಡೆಯ ಹಿಂಸೆಯನ್ನು ಎಣಿಸಿ, ಇನ್ನೊಂದು ಕಡೆಯದನ್ನು ಕ್ಷಮಿಸಿದರೆ ಅದು ಪಕ್ಷಪಾತವಲ್ಲವೇ?

ಹಳೆಯ ಓದುಗ:

ಪ್ರಶ್ನೆ ನ್ಯಾಯವಾದದ್ದೇ, ಆದರೆ ಉತ್ತರವನ್ನು ಅವರ ಮಾತು-ಬರಹಗಳಲ್ಲೇ ಹುಡುಕಬೇಕು. 1977ರ ಏಪ್ರಿಲ್‌ನಲ್ಲಿ ವಿದೇಶಾಂಗ ಸಚಿವ ಮೌರಿಸಿಯೋ ಬೊರ್ಗೊನೊವೋ ಅವರನ್ನು ಗೆರಿಲ್ಲಾಗಳು ಅಪಹರಿಸಿದಾಗ ಅವರನ್ನು ಬಿಟ್ಟುಬಿಡಿ ಎಂದು ರೊಮೆರೋ ಮನವಿ ಮಾಡಿದ್ದರು, ಮೇ ತಿಂಗಳಲ್ಲಿ ಕೊಂದಾಗ ಖಂಡಿಸಿದರು. ಆ ಕೊಲೆಯ ಸೇಡಿಗೆಂದು ಮರುದಿನವೇ ಬಲಪಂಥೀಯ ಹಂತಕರು ಗುರು ಅಲ್ಫೊನ್ಸೋ ನವಾರ್ರೋ ಅವರನ್ನು ಕೊಂದರು. ದೇಶಭಕ್ತಿ ತೋರಿಸು, ಒಬ್ಬ ಪಾದ್ರಿಯನ್ನು ಕೊಲ್ಲು ಎಂಬ ಕರಪತ್ರಗಳು ರಾಜಧಾನಿಯಲ್ಲಿ ಹಂಚಲ್ಪಟ್ಟದ್ದು ಆ ದಿನಗಳಲ್ಲೇ. ಯೇಸುಸಭೆಯವರೆಲ್ಲ ಜುಲೈ 21ರೊಳಗೆ ದೇಶ ಬಿಡದಿದ್ದರೆ ಕೊಲ್ಲುತ್ತೇವೆಂದು ‘ಶ್ವೇತ ಯೋಧರ ಸಂಘ’ ಎಂದು ಕರೆದುಕೊಂಡ ಗುಂಪು ಜೂನ್‌ನಲ್ಲಿ ಬೆದರಿಸಿತು.

1979ರ ಆಗಸ್ಟ್‌ನ ಅವರ ನಾಲ್ಕನೆಯ ಹಾಗೂ ಕೊನೆಯ ಮೇಷಪಾಲನಾ ಪತ್ರ ಇನ್ನೂ ಸ್ಪಷ್ಟ. ಅದರಲ್ಲಿ ಅವರು ಸಮಾಜವನ್ನು ಹಾಳುಮಾಡುತ್ತಿರುವ ವಿಗ್ರಹಾರಾಧನೆಗಳನ್ನು ಹೆಸರಿಸುತ್ತಾರೆ: ಸಂಪತ್ತು ಮತ್ತು ಖಾಸಗಿ ಆಸ್ತಿಯನ್ನು ಪರಮವೆಂದು ಭಾವಿಸುವುದು, ರಾಷ್ಟ್ರೀಯ ಭದ್ರತೆಯನ್ನು ಪರಮವೆಂದು ಭಾವಿಸುವುದು, ಮತ್ತು ಸಂಘಟನೆಯನ್ನೇ ಪರಮವೆಂದು ಭಾವಿಸುವುದು. ಮೂರನೆಯದು ಎಡಪಂಥೀಯ ಜನಸಂಘಟನೆಗಳನ್ನು ಕುರಿತೇ ಬರೆದದ್ದು. ಇದರಿಂದ ಆ ಸಂಘಟನೆಗಳವರೂ ಅವರ ಮೇಲೆ ಮುನಿಸಿಕೊಂಡಿದ್ದರು. 1979ರ ಅಕ್ಟೋಬರ್ 15ರಂದು ಯುವ ಸೇನಾಧಿಕಾರಿಗಳು ಜನರಲ್ ರೊಮೆರೋ ಸರಕಾರವನ್ನು ಕಿತ್ತೊಗೆದು ಭೂಸುಧಾರಣೆಯ ಭರವಸೆ ಕೊಟ್ಟಾಗ, ಮಹಾಧರ್ಮಾಧ್ಯಕ್ಷರು ಅವರಿಗೊಂದು ಅವಕಾಶ ಕೊಡೋಣ ಎಂದದ್ದಕ್ಕೆ ಎಡಪಂಥೀಯರಿಂದ ಬೈಗುಳ ಕೇಳಬೇಕಾಯಿತು. ಆ ಆಡಳಿತ ಮಂಡಳಿ 1980ರ ಜನವರಿಯ ಹೊತ್ತಿಗೆ ಕುಸಿಯಿತು, ಕೊಲೆಗಳು ಹೆಚ್ಚಿದವು.

ಗುರು ಎರ್ನೆಸ್ತೋ ಬರ್ರೇರಾ ಅವರ ವಿಷಯ: ತಾನು ಹೊಣೆ ಹೊತ್ತ ಗುರು ಸತ್ತಾಗ ಅಂತ್ಯಕ್ರಿಯೆಗೆ ಹೋಗುವುದು ಧರ್ಮಾಧ್ಯಕ್ಷರ ಕರ್ತವ್ಯ. ಅದಕ್ಕೆ ಹೋದ ಮಾತ್ರಕ್ಕೆ ಬಂದೂಕನ್ನು ಒಪ್ಪಿದಂತಾಗುವುದಿಲ್ಲ. ಇನ್ನು ಎಣಿಕೆಯ ಮಾತು. ಅವರು ಎರಡೂ ಕಡೆಯ ಹಿಂಸೆಯನ್ನು ಎಣಿಸಿದರು. ಎಣಿಸಿದಾಗ ಒಂದು ಕಡೆಯದು ಹಲವು ಪಟ್ಟು ಹೆಚ್ಚು ಬಂದರೆ, ಅದನ್ನು ಎಣಿಸಿದವರ ಪಕ್ಷಪಾತವೆನ್ನಲಾಗದು.

ಆ ಎಣಿಕೆಯ ವ್ಯವಸ್ಥೆಯನ್ನೂ ಹೇಳಬೇಕು. ‘ಸೊಕೋರ್ರೋ ಹುರಿದಿಕೋ’ ಎಂಬ ಕಾನೂನು ನೆರವಿನ ಕಚೇರಿಯ ತರುಣ ವಕೀಲರು ಮಹಾಧರ್ಮಪ್ರಾಂತ್ಯಕ್ಕಾಗಿ ದೂರುಗಳನ್ನು ದಾಖಲಿಸುತ್ತಿದ್ದರು. ಮಗನನ್ನು ಕಳೆದುಕೊಂಡ ತಾಯಂದಿರು ಮಹಾಧರ್ಮಾಧ್ಯಕ್ಷರ ಕಚೇರಿಯ ಹೊರಗೆ ಕಾಯುತ್ತಿದ್ದರು. ಶನಿವಾರ ಸಲಹೆಗಾರರೊಡನೆ ಕುಳಿತು ವಾರದ ಘಟನೆಗಳನ್ನು ಪರಿಶೀಲಿಸುವುದು, ಭಾನುವಾರ ಬೆಳಿಗ್ಗೆ ಪ್ರಧಾನಾಲಯದಲ್ಲಿ ಮೊದಲು ಶುಭಸಂದೇಶದ ವ್ಯಾಖ್ಯಾನ, ನಂತರ ಧರ್ಮಕೇಂದ್ರಗಳ ಸುದ್ದಿ, ಕೊನೆಗೆ ಕೊಲೆಯಾದವರ, ಕಾಣೆಯಾದವರ ವಿವರ. ಒಂದೂವರೆ ಗಂಟೆ ನಡೆಯುವುದು ಅಪರೂಪವಾಗಿರಲಿಲ್ಲ. ಮಹಾಧರ್ಮಪ್ರಾಂತ್ಯದ ವೈ.ಎಸ್.ಎ.ಎಕ್ಸ್. ಕೇಂದ್ರ ಅದನ್ನು ದೇಶಕ್ಕೆಲ್ಲ ಬಿತ್ತರಿಸುತ್ತಿತ್ತು. ಪತ್ರಿಕೆಗಳಲ್ಲಿ ಸಿಗದ ಸುದ್ದಿ ಪ್ರಬೋಧನೆಯಲ್ಲಿ ಸಿಗುತ್ತಿದ್ದುದರಿಂದ ನಂಬಿಕೆಯಿಲ್ಲದವರೂ ಕೇಳುತ್ತಿದ್ದರು, ಸೈನಿಕರೂ ಕೇಳುತ್ತಿದ್ದರು. ಆ ಕೇಂದ್ರದ ಪ್ರಸಾರ ಯಂತ್ರಕ್ಕೆ ಮತ್ತೆ ಮತ್ತೆ ಬಾಂಬ್ ಇಟ್ಟದ್ದು ಈ ಕಾರಣಕ್ಕೇ.

ಅಕ್ಷರಪ್ರಿಯ:

ಕೊಲೆಗೆ ನೇರ ಕಾರಣ ಹಿಂದಿನ ದಿನದ ಪ್ರಬೋಧನೆ ಎಂದು ಕೆಲವೆಡೆ ಓದಿದ್ದೇನೆ. ಅಷ್ಟು ಬೇಗ ಸಂಚು ರೂಪಿಸಲು ಸಾಧ್ಯವೇ? ಅಪರಾಧಿಗಳಿಗೆ ಶಿಕ್ಷೆಯಾಯಿತೇ?

ಕಾನೂನು ಕನ್ನಡಿ:

ಸಂಚಿಗೆ ಆ ಒಂದು ಪ್ರಬೋಧನೆ ಮಾತ್ರ ಕಾರಣವಾಗಿರಲಾರದು. ಮಾರ್ಚ್ 9ರಂದು ಅವರು ಬಲಿಪೂಜೆ ಅರ್ಪಿಸಿದ್ದ ಬಸಿಲಿಕಾದಲ್ಲಿ ಮರುದಿನ ಡೈನಮೈಟ್ ತುಂಬಿದ ಪೆಟ್ಟಿಗೆ ಸಿಕ್ಕಿತ್ತು. ಅದು ಸಿಡಿಯಲಿಲ್ಲ ಅಷ್ಟೇ. ಮಾರ್ಚ್ 23ರ ಪ್ರಬೋಧನೆಯಲ್ಲಿ ಅವರು ನೇರವಾಗಿ ಸೈನಿಕರನ್ನು, ರಾಷ್ಟ್ರೀಯ ಗಾರ್ಡ್‌ನವರನ್ನು, ಪೊಲೀಸರನ್ನು ಉದ್ದೇಶಿಸಿ, ನೀವು ಕೊಲ್ಲುತ್ತಿರುವುದು ನಿಮ್ಮದೇ ರೈತ ಸೋದರರನ್ನು, ದೇವರ ನಿಯಮಕ್ಕೆ ವಿರುದ್ಧವಾದ ಆಜ್ಞೆಯನ್ನು ಪಾಲಿಸಲು ಯಾವ ಸೈನಿಕನೂ ಬದ್ಧನಲ್ಲ ಎಂದರು. ಆ ನಂತರದ ವಾಕ್ಯ ಪ್ರಸಿದ್ಧ: ದೇವರ ಹೆಸರಿನಲ್ಲಿ, ನರಳುತ್ತಿರುವ ಈ ಜನರ ಹೆಸರಿನಲ್ಲಿ ಬೇಡಿಕೊಳ್ಳುತ್ತೇನೆ, ವಿನಂತಿಸುತ್ತೇನೆ, ಆಜ್ಞಾಪಿಸುತ್ತೇನೆ, ಈ ದಮನವನ್ನು ನಿಲ್ಲಿಸಿ. ಸೇನೆಯ ದೃಷ್ಟಿಯಲ್ಲಿ ಇದು ದಂಗೆಗೆ ಕರೆ.

ಮರುದಿನ ಸಂಜೆ, ಅವರು ವಾಸವಾಗಿದ್ದ ಕ್ಯಾನ್ಸರ್ ರೋಗಿಗಳ ‘ದೈವಕೃಪೆ’ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ ಒಬ್ಬ ಪತ್ರಿಕೋದ್ಯಮಿಯ ತಾಯಿಯ ವರ್ಷಾಂತಿಕದ ಬಲಿಪೂಜೆ ಇತ್ತು. ಅದರ ವಿಷಯ ಪತ್ರಿಕೆಯಲ್ಲೂ ಪ್ರಕಟವಾಗಿತ್ತು. ಪ್ರಬೋಧನೆ ಮುಗಿಸಿ ಕಾಣಿಕೆ ಅರ್ಪಣೆಗೆ ತೊಡಗುವ ಹೊತ್ತಿಗೆ ಹೊರಗೆ ನಿಂತ ಕೆಂಪು ವಾಹನದಿಂದ ಒಂದೇ ಗುಂಡು ಹಾರಿತು. ಮಾರ್ಚ್ 30ರ ಅಂತ್ಯಕ್ರಿಯೆಗೆ ಭಾರೀ ಜನಸ್ತೋಮ ಸೇರಿತ್ತು. ಅಲ್ಲಿಯೂ ಬಾಂಬ್ ಸಿಡಿದು, ಗುಂಡು ಹಾರಿ, ಕಾಲ್ತುಳಿತವಾಗಿ ಹತ್ತಾರು ಜನ ಸತ್ತರು. ವಿಧಿಯನ್ನು ಪೂರ್ಣಗೊಳಿಸಲಾಗದೆ ದೇಹವನ್ನು ಆತುರದಲ್ಲಿ ಸಮಾಧಿ ಮಾಡಬೇಕಾಯಿತು.

ಪ್ರಕರಣದ ಗತಿ ನಾಚಿಕೆಗೇಡಿನದು. ತನಿಖೆ ಕೈಗೊಂಡ ನ್ಯಾಯಾಧೀಶ ಅತಿಲಿಯೋ ರಾಮಿರೇಸ್ ಅಮಾಯಾ ಅವರ ಮೇಲೆ ಕೆಲವೇ ದಿನಗಳಲ್ಲಿ ಕೊಲೆಯತ್ನ ನಡೆದು ಅವರು ದೇಶ ಬಿಟ್ಟರು. ಮೇ ತಿಂಗಳಲ್ಲಿ ಒಂದು ತೋಟದ ಮನೆಯ ಮೇಲಿನ ದಾಳಿಯಲ್ಲಿ ಮಾಜಿ ಗುಪ್ತಚರ ಅಧಿಕಾರಿ ರೊಬೆರ್ತೋ ದಾಬ್ಯುಸ್ಸೊನ್ ಮತ್ತು ಸಂಗಡಿಗರು ಸಿಕ್ಕಿಬಿದ್ದರು, ಕ್ಯಾಪ್ಟನ್ ಅಲ್ವಾರೋ ಸರಾವಿಯಾನ ಟಿಪ್ಪಣಿ ಪುಸ್ತಕವೂ ಸಿಕ್ಕಿತು. ಆದರೂ ಅವರೆಲ್ಲ ಬಿಡುಗಡೆಯಾದರು. ದಾಬ್ಯುಸ್ಸೊನ್ 1981ರಲ್ಲಿ ‘ಅರೇನಾ’ ಪಕ್ಷ ಕಟ್ಟಿದ. ಅದು 1989ರಿಂದ 2009ರವರೆಗೆ ದೇಶವನ್ನಾಳಿತು. ಅವನು 1992ರಲ್ಲಿ ಕ್ಯಾನ್ಸರಿನಿಂದ ಸತ್ತ. ಕೊಲೆಗೆ ಆದೇಶ ಕೊಟ್ಟವನು ಅವನೇ ಎಂದು ವಿಶ್ವಸಂಸ್ಥೆಯ ಸತ್ಯ ಆಯೋಗ 1993ರ ಮಾರ್ಚ್ 15ರಂದು ವರದಿ ಕೊಟ್ಟಿತು. ಐದೇ ದಿನಗಳಲ್ಲಿ ಸಂಸತ್ತು ಸಾರ್ವತ್ರಿಕ ಕ್ಷಮಾದಾನದ ಕಾನೂನು ಅಂಗೀಕರಿಸಿತು. 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಫೆಡರಲ್ ನ್ಯಾಯಾಲಯ ಸಿವಿಲ್ ದಾವೆಯಲ್ಲಿ ಸರಾವಿಯಾನನ್ನು ಹೊಣೆಗಾರನೆಂದು ತೀರ್ಮಾನಿಸಿ 1 ಕೋಟಿ ಡಾಲರ್ ಪರಿಹಾರ ಕೊಡಲು ಆದೇಶಿಸಿತು. 2016ರಲ್ಲಿ ಎಲ್ ಸಾಲ್ವಡಾರ್‌ನ ಸರ್ವೋಚ್ಚ ನ್ಯಾಯಾಲಯ ಕ್ಷಮಾದಾನ ಕಾನೂನನ್ನು ಅಸಾಂವಿಧಾನಿಕವೆಂದು ರದ್ದುಗೊಳಿಸಿದ ಮೇಲೆ, 2017ರಲ್ಲಿ ಪ್ರಕರಣ ಮತ್ತೆ ತೆರೆಯಿತು. 2018ರ ಅಕ್ಟೋಬರ್‌ನಲ್ಲಿ ಸರಾವಿಯಾನ ಬಂಧನಕ್ಕೆ ವಾರಂಟ್ ಹೊರಟಿತು. ಗುಂಡು ಹಾರಿಸಿದವನನ್ನು ಯಾವ ನ್ಯಾಯಾಲಯವೂ ಶಿಕ್ಷಿಸಿಲ್ಲ.

ಸಂಜೆಮಲ್ಲಿಗೆ:

ಸಂತ ಪದವಿಯ ವಿಳಂಬವನ್ನೂ ಇದರ ಜೊತೆಗೇ ನೋಡಬೇಕು. ಪ್ರಕ್ರಿಯೆ ತೊಂಬತ್ತರ ದಶಕದಲ್ಲೇ ಆರಂಭವಾದರೂ ರೋಮಿನಲ್ಲಿ ಬಹುಕಾಲ ಸಿಕ್ಕಿಕೊಂಡಿತು. ರಕ್ತಸಾಕ್ಷಿ (ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರು) ಎಂದು ಘೋಷಿಸಬೇಕಾದರೆ ಕೊಂದವರು ವಿಶ್ವಾಸದ ಮೇಲಿನ ದ್ವೇಷದಿಂದ ಕೊಂದಿರಬೇಕು ಎಂಬ ನಿಯಮವಿದೆ. ಇಲ್ಲಿ ಕೊಂದವರೂ ಜ್ಞಾನಸ್ನಾನ ಪಡೆದ ಕಥೋಲಿಕರೇ. ಹೀಗಿರುವಾಗ ಇದು ರಾಜಕೀಯ ಕೊಲೆಯಲ್ಲವೇ ಎಂಬುದು ವಿರೋಧಿಗಳ ಆಕ್ಷೇಪ. ವಿಶ್ವಾಸದಿಂದ ಹುಟ್ಟಿದ ನ್ಯಾಯಕ್ಕಾಗಿ ಕೊಂದರೂ ಅದು ವಿಶ್ವಾಸದ ಮೇಲಿನ ದ್ವೇಷವೇ ಎಂಬ ನಿಲುವಿಗೆ ಬರಲು ಇಷ್ಟು ವರ್ಷ ಬೇಕಾಯಿತು. ಹದಿನಾರನೇ ಬೆನೆಡಿಕ್ಟರು 2012ರ ಕೊನೆಯಲ್ಲಿ ತಡೆ ತೆರವುಗೊಳಿಸಿದರು, ಪೋಪ್ ಫ್ರಾನ್ಸಿಸ್ 2015ರ ಫೆಬ್ರವರಿಯಲ್ಲಿ ರಕ್ತಸಾಕ್ಷಿತ್ವವನ್ನು ಮಾನ್ಯ ಮಾಡಿದರು. ಅದೇ ವರ್ಷ ಮೇ 23ರಂದು ಸಾನ್ ಸಾಲ್ವಡಾರ್‌ನಲ್ಲಿ ಧನ್ಯರೆಂದೂ (ಸಂತ ಪದವಿಯ ಹಿಂದಿನ ಹಂತ), 2018ರ ಅಕ್ಟೋಬರ್ 14ರಂದು ರೋಮಿನಲ್ಲಿ ಆರನೇ ಪೌಲರ ಜೊತೆಗೇ ಸಂತರೆಂದೂ ಘೋಷಣೆಯಾಯಿತು. ಕೊಲೆಯಾದ ಸಂಜೆ ರೊಮೆರೋ ಧರಿಸಿದ್ದ, ರಕ್ತದ ಕಲೆಯಿರುವ ನಡುಕಟ್ಟನ್ನು ಫ್ರಾನ್ಸಿಸ್ ಆ ದಿನ ಕಟ್ಟಿಕೊಂಡಿದ್ದರು. ಸತ್ತ ಮೇಲೂ ಸೋದರ ಗುರುಗಳ ಮತ್ತು ಧರ್ಮಾಧ್ಯಕ್ಷರ ಅಪಪ್ರಚಾರದಿಂದ ರೊಮೆರೋ ರಕ್ತಸಾಕ್ಷಿಯಾಗುತ್ತಲೇ ಇದ್ದರು ಎಂಬರ್ಥದ ಮಾತನ್ನು ಫ್ರಾನ್ಸಿಸ್ ಅವರೇ 2015ರಲ್ಲಿ ಆಡಿದ್ದರು. ರುತಿಲಿಯೋ ಗ್ರಾಂದೆ ಮತ್ತು ಜೊತೆಗೆ ಸತ್ತ ಇಬ್ಬರನ್ನು 2022ರ ಜನವರಿಯಲ್ಲಿ ಧನ್ಯರೆಂದು ಘೋಷಿಸಲಾಯಿತು. ವೃದ್ಧ ಸೊಲೋರ್ಸಾನೋ ಮತ್ತು ಹುಡುಗ ಲೇಮುಸ್‌ರ ಹೆಸರು ಕೈಬಿಟ್ಟುಹೋಗದಿದ್ದದ್ದು ನನಗೆ ಬಹಳ ಸಮಾಧಾನ ಕೊಟ್ಟಿತು.

ದಾರಿಹೋಕ:

ಹಳೆಯ ಓದುಗರ ಉತ್ತರದಲ್ಲಿ ಮೇಷಪಾಲನಾ ಪತ್ರದ ಭಾಗವನ್ನು ಒಪ್ಪಿಕೊಂಡೆ. ಇನ್ನೊಂದು ತಕರಾರು ಉಳಿದಿದೆ. ‘ನನ್ನನ್ನು ಕೊಂದರೆ ನನ್ನ ಜನರಲ್ಲಿ ಮತ್ತೆ ಎದ್ದುಬರುತ್ತೇನೆ’ ಎಂಬ ಮಾತು ಎಲ್ಲ ಭಿತ್ತಿಚಿತ್ರಗಳಲ್ಲೂ ಇದೆ. ಅದು ಅವರ ಮರಣದ ನಂತರ ಒಬ್ಬ ಪತ್ರಕರ್ತ ಪ್ರಕಟಿಸಿದ ಸಂದರ್ಶನದಲ್ಲಿ ಬಂದದ್ದು, ಅವರು ಹಾಗೆ ಹೇಳಿದ್ದರೇ ಎಂಬುದರ ಬಗ್ಗೆ ಅವರ ಚರಿತ್ರೆ ಬರೆದವರಲ್ಲೇ ಅನುಮಾನವಿದೆ. ನೀವು ಚಿತ್ರಿಸಿದ ಶಂಕಾಶೀಲ, ನಿಯಮಬದ್ಧ ಮನುಷ್ಯ ಇಂಥ ಘೋಷಣೆ ಮಾಡಿದ್ದರೆಂದು ನಂಬಲು ನನಗೂ ಕಷ್ಟವಾಗುತ್ತದೆ.

ಹಳೆಯ ಓದುಗ:

ಈ ಬಾರಿ ನಾವಿಬ್ಬರೂ ಒಂದೇ ಕಡೆ ಇದ್ದೇವೆ. ಸಾವಿನ ಭಯ ಅವರಿಗೆ ಇತ್ತು. ಕೊನೆಯ ತಿಂಗಳ ಧ್ಯಾನಶಿಬಿರದ ಟಿಪ್ಪಣಿಗಳಲ್ಲಿ ಹಿಂಸಾತ್ಮಕ ಸಾವನ್ನು ಒಪ್ಪಿಕೊಳ್ಳುವುದು ತನಗೆ ಕಷ್ಟವಾಗುತ್ತಿದೆ ಎಂದು ಬರೆದುಕೊಂಡಿದ್ದಾರೆ. ಭಿತ್ತಿಚಿತ್ರದ ಮಾತಿಗಿಂತ ಅಂಚೆಗೆ ಹಾಕಿದ ಒಂದು ಪತ್ರ ಅವರನ್ನು ಹೆಚ್ಚು ಸರಿಯಾಗಿ ತೋರಿಸುತ್ತದೆ. 1980ರ ಫೆಬ್ರವರಿ 17ರಂದು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಬರೆದದ್ದು. ನೀವು ಕ್ರೈಸ್ತರು, ಮಾನವ ಹಕ್ಕುಗಳನ್ನು ಕಾಪಾಡುವೆನೆಂದು ಹೇಳಿದವರು ಎಂದು ನೆನಪಿಸಿ, ಎಲ್ ಸಾಲ್ವಡಾರ್ ಸರಕಾರಕ್ಕೆ ಸೈನಿಕ ನೆರವು ಕೊಡಬೇಡಿ, ಅದು ದಮನವನ್ನು ಇನ್ನಷ್ಟು ಹರಿತಗೊಳಿಸುತ್ತದೆ ಎಂದು ವಿನಂತಿಸುತ್ತಾರೆ. ಕಳುಹಿಸುವ ಮೊದಲು ಅದನ್ನು ಭಾನುವಾರದ ಪ್ರಬೋಧನೆಯಲ್ಲಿ ಜನರ ಮುಂದೆ ಓದಿ, ಅವರ ಚಪ್ಪಾಳೆಯನ್ನು ಒಪ್ಪಿಗೆಯೆಂದು ತೆಗೆದುಕೊಂಡರು. 1975ರಲ್ಲಿ ಮೊಲಿನಾ ಅವರಿಗೆ ಬರೆದ ಪತ್ರವನ್ನು ಬಹಿರಂಗಪಡಿಸದೆ ಕಳುಹಿಸಿದ್ದ ಅದೇ ಮನುಷ್ಯ ಐದು ವರ್ಷದೊಳಗೆ ಪತ್ರವನ್ನು ಮೊದಲು ಜನರಿಗೆ ಓದಿದರು, ಆಮೇಲೆ ಅಧ್ಯಕ್ಷರಿಗೆ ಕಳುಹಿಸಿದರು.

ನೆರವು ನಿಲ್ಲಲಿಲ್ಲ. ಮುಂದಿನ ಹನ್ನೆರಡು ವರ್ಷ ನಡೆದ ಅಂತರ್ಯುದ್ಧದಲ್ಲಿ ಸುಮಾರು 75,000 ಜನ ಸತ್ತರು. 1992ರ ಜನವರಿ 16ರಂದು ಮೆಕ್ಸಿಕೋದ ಚಪುಲ್ತೆಪೆಕ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿಯಾಗುವ ಹೊತ್ತಿಗೆ ಸಾನ್ ಸಾಲ್ವಡಾರ್‌ನ ಮಹಾಧರ್ಮಾಧ್ಯಕ್ಷರಾಗಿದ್ದವರು ರಿವೆರಾ ಇ ದಾಮಾಸ್, ನಿಧಾನಿಯವರು ಹೇಳಿದ ಆ ಒಬ್ಬರೇ ಸಹಚರ. ಯುದ್ಧದ ನಡುವೆ ಸರಕಾರ ಮತ್ತು ಗೆರಿಲ್ಲಾಗಳ ಮಾತುಕತೆಗೆ ಮಧ್ಯಸ್ಥಿಕೆ ವಹಿಸಿದ ಅವರ ಬಗ್ಗೆ ಪ್ರತ್ಯೇಕ ಚರ್ಚೆಯನ್ನು ಯಾರಾದರೂ ಆರಂಭಿಸಿದರೆ ನಾನೂ ಸೇರಿಕೊಳ್ಳುತ್ತೇನೆ.